ರಾಜನ ಎದೆಗೆ ಮೂವತ್ತೆರಡು ಬೋಲ್ಟು

ನಾನು ಬಿಗಿದ ಬೋಲ್ಟು ಸಡಿಲವಾಗಿ ಯಾರ ತಲೆಯ ಮೇಲೂ ಬಿದ್ದ ದಾಖಲೆಯಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೆಟ್ಟೂರಿನ ಆಚೆ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನಿಗೆ ಹೇಳಿಕೊಳ್ಳಲು ಬೇರೇನೂ ಇರುವುದಿಲ್ಲ, ಅಷ್ಟೆ. ಅಂಥ ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ಮನೆಯ ಜಗಲಿಯ ಮೇಲೆ ಕುಳಿತು ಚಪ್ಪಲಿಯಿಂದ ಬೋಲ್ಟು ತಯಾರಿಸಿದೆ. ಅದಕ್ಕೆ ಕಾರಣ ಸರ್ಕಾರ ಮತ್ತು ನನ್ನ ಹೆಂಡತಿ. ಇಬ್ಬರ ಮೇಲೂ ಮೊಕದ್ದಮೆ ಹೂಡುವಂತಿಲ್ಲ.

ಸರ್ಕಾರಕ್ಕೆ ಬಾಲ್ಯವಿವಾಹ ನಿಲ್ಲಿಸಬೇಕಿತ್ತು. ಧರ್ಮಪುರಿಯಲ್ಲಿ ಒಂದು ದೊಡ್ಡ ಸಭೆ ಮಾಡುತ್ತೇವೆ, ಪ್ರತಿ ಊರಿನ ಮಹಿಳಾ ಸಂಘದವರೂ ಒಂದೊಂದು ಕಾರ್ಯಕ್ರಮ ಕೊಡಬೇಕು ಎಂದು ಅಪ್ಪಣೆಯಾಯಿತು. ಬೇರೆ ಊರಿನವರು ಕೋಲಾಟ, ಹಾಡು ಎಂದು ಸುಲಭದ ದಾರಿ ಹಿಡಿದರು. ನಮ್ಮ ಊರಿನವರು ನಾಟಕ ಅಂದರು. ನಮ್ಮ ಮನೆಮಾತು ಕನ್ನಡವಾದರೂ ಸರ್ಕಾರದ ಮಾತು ತಮಿಳು, ಆದ್ದರಿಂದ ಶಾಲೆಯ ಟೀಚರಮ್ಮ ತಮಿಳಿನಲ್ಲಿ ಒಂದು ನಾಟಕ ಬರೆದುಕೊಟ್ಟರು. ಕಬ್ಬಿಣದಂಥ ಮನಸ್ಸಿನ ಒಬ್ಬ ರಾಜ ಹನ್ನೆರಡು ವರ್ಷದ ಮಗಳಿಗೆ ಮದುವೆ ಮಾಡಲು ಹೊರಡುತ್ತಾನೆ. ರಾಣಿ ಅವನ ಎದೆಗೆ ಗುದ್ದಿ ಗುದ್ದಿ ಅಳುತ್ತಾಳೆ. ರಾಜನ ಮನಸ್ಸು ಕರಗಿ, ತೊಟ್ಟಿದ್ದ ಕಬ್ಬಿಣದ ಕವಚವನ್ನು ಬಿಚ್ಚಿ ಎಸೆದು ಮಗಳನ್ನು ಶಾಲೆಗೆ ಕಳಿಸುತ್ತಾನೆ. ಇಡೀ ನಾಟಕದಲ್ಲಿ ಒಂದು ಯುದ್ಧವೂ ಇಲ್ಲ. ಆದರೂ ಮಹಾರಾಜರು ಊಟಕ್ಕೂ ಕವಚದಲ್ಲೇ ಕೂರುತ್ತಾರೆ. ಅದರ ಬೋಲ್ಟುಗಳು ಕೊನೆಯ ಸಾಲಿನವರಿಗೂ ಕಾಣಬೇಕು, ಇಲ್ಲದಿದ್ದರೆ ಕಬ್ಬಿಣವೆಂದು ಜನಕ್ಕೆ ತಿಳಿಯುವುದಿಲ್ಲ ಎಂದು ಟೀಚರಮ್ಮ ಅಂಚಿನಲ್ಲಿ ಬರೆದಿದ್ದರು. ಸಾಹಿತ್ಯವನ್ನು ಫಿಟ್ಟರ್ ಪ್ರಶ್ನಿಸಬಾರದು. ನಾನು ಪ್ರಶ್ನಿಸಲಿಲ್ಲ.

ರಾಜನ ಪಾತ್ರ ನನ್ನ ಹೆಂಡತಿಗೆ ಬಂತು. ಇದರಲ್ಲಿ ಶಿಫಾರಸೇನೂ ಇರಲಿಲ್ಲ. ನಲವತ್ತು ವರ್ಷ ಗುಡ್ಡದ ಈ ತುದಿಯಲ್ಲಿ ನಿಂತು ಆ ತುದಿಯ ಕುರಿಯನ್ನು ಕರೆದವಳ ಗಂಟಲಿಗೆ ಮೈಕು ದಂಡ. ಅವಳು ಹುಡುಗಿಯಾಗಿದ್ದಾಗ ಊರಿನ ನಾಟಕಗಳಲ್ಲಿ ಹೆಣ್ಣು ವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ಇವಳು ರಾಜರ ಮಾತುಗಳನ್ನೆಲ್ಲ ಕೇಳಿ ಬಾಯಿಪಾಠ ಮಾಡಿ ಬಯಲಿನಲ್ಲಿ ಕುರಿಗಳಿಗೆ ಒಪ್ಪಿಸುತ್ತಿದ್ದಳಂತೆ. ಕುರಿಗಳು ಮೇಯುತ್ತಲೇ ಕೇಳುತ್ತಿದ್ದವು. ಸಭೆಗೆ ಬರುವ ಅಧಿಕಾರಿಗಳೂ ಹೆಚ್ಚುಕಡಿಮೆ ಹಾಗೆಯೇ ಕೇಳುತ್ತಾರೆ, ಆದ್ದರಿಂದ ಅವಳಿಗೆ ಅಭ್ಯಾಸ ತಪ್ಪಿರಲಿಲ್ಲ. ಈ ಸಂಗತಿಯನ್ನು ಅವಳು ನನಗೆ ಹೇಳಿದ್ದು ಮದುವೆಯಾಗಿ ಮೂವತ್ತೆಂಟು ವರ್ಷದ ಮೇಲೆ, ಪಾತ್ರ ಸಿಕ್ಕಿದ ದಿನ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಸೊಪ್ಪು ಬಿಡಿಸುತ್ತಿದ್ದಳು.

ಸೇಲಂನ ಬಾಡಿಗೆ ಅಂಗಡಿಯಿಂದ ತಂದ ಕವಚ ಅವಳ ಅರ್ಧ ಬೆನ್ನಿಗೆ ಬಂತು. ಆ ಅಂಗಡಿಯ ಲೆಕ್ಕದಲ್ಲಿ ರಾಜರೆಲ್ಲ ಬಡಕಲು. ಅದೇ ಕವಚ ಸಂಘದ ತಲೈವಿಯ, ಅಂದರೆ ಅಧ್ಯಕ್ಷೆಯ, ತಂಗಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ತಲೈವಿ ನ್ಯಾಯವಂತೆ, ಅವಸರ ಮಾಡಲಿಲ್ಲ. ಶುಕ್ರವಾರದ ತನಕ ಕಾಯುತ್ತೇನೆ, ಅಷ್ಟರಲ್ಲಿ ನಾಲ್ಕು ಜನ ನೋಡುವಂಥ ಕವಚ ಆಗದಿದ್ದರೆ ರಾಜನ ಪಾತ್ರ ತಂಗಿಗೆ, ನೀವು ಬೇಕಾದರೆ ಬಾಗಿಲು ಕಾಯಬಹುದು ಎಂದು ನನ್ನ ಹೆಂಡತಿಗೆ ಅಂದರು. ಬಾಗಿಲು ಕಾಯುವವನಿಗೆ ನಾಟಕದಲ್ಲಿ ಮಾತಿಲ್ಲ. ನನ್ನ ಹೆಂಡತಿ ಮನೆಗೆ ಬಂದು ನನ್ನ ಎದುರು ಕೂತಳು.

“ಮೂವತ್ತನಾಲ್ಕು ವರ್ಷ ಬೋಲ್ಟು ಬಿಗ್ದೆ ಬೋಲ್ಟು ಬಿಗ್ದೆ ಅಂತೀಯಲ್ಲ. ಈಗ ನಂಗೊಂದು ಬಿಗಿ, ನೋಡುವ.”

ಮೊದಲನೆಯ ಕವಚವನ್ನು ನಾನು ಧರ್ಮಕ್ಕೆ ಒಪ್ಪುವಂತೆ ಮಾಡಿದೆ. ನಿಜವಾದ ಕಬ್ಬಿಣದ ಶೀಟು, ನಿಜವಾದ ಬೋಲ್ಟು, ಪ್ರತಿಯೊಂದಕ್ಕೂ ವಾಷರು. ನಕಲಿ ಎಂಬ ಮಾತು ನನ್ನ ಬಾಯಿಗೆ ಬರುವಂಥದ್ದಲ್ಲ. ತೂಕ ನೋಡಿದಾಗ ಹನ್ನೊಂದು ಕಿಲೋ ಇತ್ತು. ಅದನ್ನು ತೊಟ್ಟು ಮಹಾರಾಜರು ಸ್ಟೂಲಿನ ಮೇಲೆ ಗಂಭೀರವಾಗಿ ಕುಳಿತರು. ಏಳುವುದಕ್ಕೆ ಮಾತ್ರ ಪಕ್ಕದ ಮನೆಯಿಂದ ಇಬ್ಬರನ್ನು ಕರೆಸಬೇಕಾಯಿತು. ಇದು ನಾಟಕಕ್ಕಾ, ನನ್ನನ್ನ ಮುಗಿಸೋದಕ್ಕಾ ಎಂದು ಅವಳು ಕೇಳಿದಳು. ಆ ಕವಚ ಈಗ ಕುರಿಗಳ ನೀರಿನ ತೊಟ್ಟಿಗೆ ಮುಚ್ಚಳವಾಗಿದೆ. ಯಾವ ಗಾಳಿಗೂ ಜಗ್ಗಿಲ್ಲ.

ಎರಡನೆಯದಕ್ಕೆ ನಾನು ತತ್ವ ಸಡಿಲಿಸಿದೆ. ಸೊಸೆ ಯೋಗ ಮಾಡುತ್ತೇನೆಂದು ತಂದು, ಎರಡು ದಿನ ಮಾಡಿ, ಮಂಚದಡಿ ಸುತ್ತಿಟ್ಟ ಫೋಮಿನ ಚಾಪೆ ಇತ್ತು. ಅದನ್ನು ಎದೆಯ ಆಕಾರಕ್ಕೆ ಕತ್ತರಿಸಿ ಅಲ್ಯುಮಿನಿಯಂ ಪೇಂಟು ಬಳಿದೆ. ರಿವೆಟ್ಟಿಗೆ ಸಬ್ಬಕ್ಕಿ. ನಮ್ಮ ಸೇಲಂ ಕಡೆ ಜವ್ವರಿಸಿ ಎನ್ನುವ ಈ ಕಾಳು ಯಾವ ಅಂಗಡಿಯಲ್ಲೂ ಸಿಗುತ್ತದೆ, ಗುಂಡಗಿರುತ್ತದೆ, ಬೆಳ್ಳಿಬಣ್ಣ ಬಳಿದರೆ ಸಾಕ್ಷಾತ್ ರಿವೆಟ್ಟಿನ ತಲೆ. ಎರಡು ರಿವೆಟ್ಟಿನ ನಡುವಿನ ಅಂತರ ಅದರ ದಪ್ಪದ ಮೂರರಷ್ಟು ಇರಬೇಕೆಂಬುದು ನಮ್ಮ ಕಸುಬಿನ ಕಾನೂನು. ನಾನು ಡಿವೈಡರ್ ಹಿಡಿದು ಗುರುತು ಹಾಕಿ, ಪಾಯಸದ ಕಾಳುಗಳನ್ನು ಆ ಕಾನೂನಿನ ಪ್ರಕಾರ ಒಂದೊಂದಾಗಿ ಅಂಟಿಸಿದೆ. ಟೇಪು ಹಿಡಿದು ಅಳೆಯಲು ಯಾರು ಬರುತ್ತಾರೆ ಎಂದು ಹೆಂಡತಿ ಕೇಳಿದಳು. ಯಾರೂ ಬರುವುದಿಲ್ಲ, ಆದರೆ ತಪ್ಪಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ತೊಡಕಾದದ್ದು ಬೋಲ್ಟುಗಳು. ಆರು ಮೂಲೆಯ ತಲೆ, ಮೂಲೆ ಚೂಪಾಗಿರಬೇಕು. ಥರ್ಮಕೋಲ್ ಕತ್ತರಿಸಿದೆ, ಉದುರಿತು. ರಟ್ಟು ಕತ್ತರಿಸಿದೆ, ಬಣ್ಣ ಕುಡಿದು ಉಬ್ಬಿತು. ಗಟ್ಟಿಯಾದ, ದಪ್ಪನೆಯ, ಬ್ಲೇಡಿಗೆ ಬೆಣ್ಣೆಯಂತೆ ಕೊಯ್ಯಿಸಿಕೊಳ್ಳುವ ವಸ್ತು ಲೋಕದಲ್ಲಿ ಒಂದೇ ಇದೆ. ಹವಾಯಿ ಚಪ್ಪಲಿಯ ಅಟ್ಟೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ವೇಷ ಕಟ್ಟುವ ಮುಂಚೆ ಕಿರೀಟ ಕವಚಗಳನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ತೊಡುವುದು. ಅದಕ್ಕೆ ಚಪ್ಪಲಿಯ ರಬ್ಬರು ಸೋಕಿತೆಂದು ತಿಳಿದರೆ ಕವಚವೂ ಹೋಯಿತು, ಪಾತ್ರವೂ ಹೋಯಿತು. ನಾನು ಒಂದು ಇಡೀ ಮಧ್ಯಾಹ್ನ ಇದನ್ನು ಶಾಸ್ತ್ರೋಕ್ತವಾಗಿ ವಿಚಾರ ಮಾಡಿದೆ. ಕಾಲಿಗೆ ತೊಡುವ ತನಕ ಚಪ್ಪಲಿ ಚಪ್ಪಲಿಯಲ್ಲ; ಚಪ್ಪಲಿಯಾಗುವ ಉದ್ದೇಶವಿರುವ ರಬ್ಬರು ಮಾತ್ರ. ಈ ತೀರ್ಪನ್ನು ನಾನೇ ಕೊಟ್ಟು, ನಾನೇ ಒಪ್ಪಿ, ಧರ್ಮಪುರಿ ಬಸ್‌ಸ್ಟ್ಯಾಂಡಿಗೆ ಹೋಗಿ ಎರಡು ಜೊತೆ ಹೊಸ ಚಪ್ಪಲಿ ಕೊಂಡೆ. ಅಂಗಡಿಯವನು ಯಾವ ಸೈಜು ಅಂದ. ಕಾಲಿಗಲ್ಲ, ದಪ್ಪ ಇದ್ದರೆ ಸಾಕು ಅಂದೆ. ಅವನು ನನ್ನ ಕಾಲನ್ನೊಮ್ಮೆ ನೋಡಿ ದುಡ್ಡು ಎಣಿಸಿಕೊಂಡ.

ಹೆಂಡತಿ ಕುರಿ ಹೊಡೆದುಕೊಂಡು ಹೋದ ಹೊತ್ತಿನಲ್ಲಿ ಮೂವತ್ತೆರಡು ತಲೆ ಕತ್ತರಿಸಿ, ಬಣ್ಣ ಹಚ್ಚಿ, ಪಂಕ್ಚರಿನವರ ಸಲ್ಯೂಷನ್ನಿನಿಂದ ಅಂಟಿಸಿದೆ. ನಾಲ್ಕು ನೀಲಿ ಬಾರುಗಳು ಉಳಿದವು. ಅವನ್ನು ಸ್ಪ್ಯಾನರ್ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ. ಕೊನೆಗೆ ಕೈ ತನ್ನಷ್ಟಕ್ಕೆ ಒಂದು ಕೆಲಸ ಮಾಡಿತು. ಕಾರ್ಖಾನೆಯಲ್ಲಿ ಬೋಲ್ಟು ಬಿಗಿದಾದ ಮೇಲೆ ಅದರ ತಲೆಯಿಂದ ಪಕ್ಕದ ತಗಡಿನ ತನಕ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತೇವೆ. ಬೋಲ್ಟು ಸಡಿಲವಾಗಿ ತಿರುಗಿದರೆ ಗೆರೆ ತುಂಡಾಗುತ್ತದೆ, ಕಣ್ಣಿಗೆ ಬೀಳುತ್ತದೆ. ನಾನು ಕಾಫಿ ಕುಡಿಯುತ್ತಾ ಎಚ್ಚೆತ್ತು ನೋಡುವಷ್ಟರಲ್ಲಿ ಮೂವತ್ತೆರಡು ನಕಲಿ ಬೋಲ್ಟುಗಳಿಗೂ ಹಳದಿ ಗೆರೆ ಎಳೆದು ಮುಗಿಸಿದ್ದೆ. ಯಾವತ್ತೂ ಬಿಗಿಯದ, ಬಿಗಿಯಲಾಗದ ಬೋಲ್ಟುಗಳು ಸರಿಯಾಗಿ ಬಿಗಿದಿವೆ ಎಂದು ನಾನು ಪ್ರಮಾಣಪತ್ರ ಕೊಟ್ಟಿದ್ದೆ. ಅಳಿಸೋಣವೆಂದರೆ ಬೆಳ್ಳಿಬಣ್ಣವೂ ಬರುತ್ತಿತ್ತು. ಬಿಟ್ಟೆ.

ಶುಕ್ರವಾರ ತಲೈವಿ ಬಂದರು, ತಂಗಿಯನ್ನೂ ಕರೆತಂದರು. ಕವಚ ಮಣೆಯ ಮೇಲಿತ್ತು. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ತಲೈವಿ ಬಗ್ಗಿ ನೋಡಿದರು. ಮೂಗು ಒಮ್ಮೆ ಅರಳಿತು.

“ಏನಣ್ಣಾ ಇದು ವಾಸನೆ? ಕೆರದ ಅಂಗಡಿ ಒಳಕ್ಕೆ ಓದಂಗೈತೆ.”

“ಪಂಕ್ಚರ್ ಸಲ್ಯೂಷನ್ನು,” ಅಂದೆ. ಇದು ಸುಳ್ಳಲ್ಲ. ಬಾಕಿ ಅರ್ಧ ಹೇಳಲಿಲ್ಲ, ಅಷ್ಟೆ.

ತಂಗಿ, ಸಲ್ಯೂಷನ್ ಹೀಗೆ ನಾರಲ್ಲ ಎಂದು ಮೆಲ್ಲಗೆ ಗೊಣಗಿ, ಒಂದು ಬೋಲ್ಟನ್ನು ಉಗುರಿನಿಂದ ಒತ್ತಿ ನೋಡಲು ಕೈ ಚಾಚಿದಳು. ತಲೈವಿ ಆ ಕೈ ಹಿಡಿದರು. ಅವರ ಕಣ್ಣು ಹಳದಿಯ ಮೇಲೆ ಬಿದ್ದಿತ್ತು.

“ಮುಟ್ಟಬ್ಯಾಡ ಕಣೇ. ಮಂಜಳ್ ಇಟ್ಟವ್ರೆ,” ಅಂದರು. ಮಂಜಳ್ ಅಂದರೆ ಅರಿಶಿನ. ನನ್ನ ಕಡೆ ತಿರುಗಿ, “ಒಂದೊಂದಕ್ಕೂ ಇಟ್ಟಿದ್ದೀರಾ ಅಣ್ಣಾ?”

“ಒಂದನ್ನೂ ಬುಟ್ಟಿಲ್ಲ,” ಅಂದೆ.

ಕಾರ್ಖಾನೆಯಲ್ಲಿ ಇದ್ದವರಿಗೆ ಇಷ್ಟು ಭಕ್ತಿ ಇರುತ್ತದೆ ಎಂದು ಸತ್ಯವಾಗಿ ತಿಳಿದಿರಲಿಲ್ಲ ಎಂದು ಅವರು ಗದ್ಗದಿತರಾದರು. ಒಳಗಿಂದ ಕುಂಕುಮ ತರಿಸಿ, ಪ್ರತಿ ಹಳದಿ ಗೆರೆಯ ಪಕ್ಕ ಒಂದೊಂದು ಬೊಟ್ಟು ತಾವೇ ಇಟ್ಟರು. ಮೂವತ್ತೆರಡು ಬೊಟ್ಟು ಇಡುವ ತನಕ ನಾನು ಕೈಮುಗಿದುಕೊಂಡು ನಿಂತಿದ್ದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ರಾಜನ ಪಾತ್ರ ಉಳಿಯಿತು. ತಂಗಿಗೆ ರಾಣಿಯ ಪಾತ್ರ ಕೊಟ್ಟು ಸಮಾಧಾನ ಮಾಡಿದರು.

ರಾಣಿ ರಾಜನ ಎದೆಗೆ ಗುದ್ದುವ ದೃಶ್ಯವೊಂದಿದೆ ಎಂಬುದನ್ನು ಆ ಹೊತ್ತಿನಲ್ಲಿ ನಾವು ಯಾರೂ ನೆನೆಯಲಿಲ್ಲ. ತಂಗಿ ನೆನೆದಿರಬೇಕು.

ಸಭೆಯ ದಿನ ಅಧಿಕಾರಿಗಳು ಎರಡು ಗಂಟೆ ತಡವಾಗಿ ಬಂದು, ತಡವಾಗಿ ಬಂದದ್ದಕ್ಕೆ ಶಾಲು ಹೊದಿಸಿಕೊಂಡು ಕೂತರು. ನಮ್ಮ ನಾಟಕ ಊಟಕ್ಕೆ ಮುಂಚೆ ಬಂತು. ನನ್ನ ಹೆಂಡತಿ ಮೀಸೆ ಬರೆದುಕೊಂಡು, ಕವಚ ತೊಟ್ಟು ಬಂದು ನಿಂತಾಗ ಹಿಂದಿನ ಸಾಲಿನಲ್ಲಿ ಯಾರೋ ಇದು ನಿಜ ಇರುಂಬು ಅಂದರು. ಇರುಂಬು ಎಂದರೆ ಕಬ್ಬಿಣ. ನನ್ನ ಸೇವಾವಧಿಯಲ್ಲಿ ಅಂಥ ಪ್ರಶಂಸೆ ನನಗೆ ನಿಜವಾದ ಕಬ್ಬಿಣಕ್ಕೂ ಸಿಕ್ಕಿರಲಿಲ್ಲ. ಮಗಳಿಗೆ ಮದುವೆ ಎಂದು ಅವಳು ಗುಡುಗಿದಾಗ ಮೊದಲ ಸಾಲಿನ ಅಧಿಕಾರಿ ಫೋನಿನಿಂದ ತಲೆ ಎತ್ತಿದರು. ಕುರಿಗಳಿಗಿಂತ ಇವರು ಮೇಲು ಅನ್ನಿಸಿತು.

ರಾಣಿ ಬಂದಳು. ನಾಟಕದಲ್ಲಿ ಎರಡು ಗುದ್ದು ಎಂದು ಬರೆದಿತ್ತು. ಅವಳು ಐದು ಗುದ್ದಿದಳು, ಮನಸಾರೆ. ಐದನೆಯದಕ್ಕೆ ಎಡಗಡೆಯ ಒಂದು ಬೋಲ್ಟು ಕಿತ್ತು ಹಾರಿತು. ಕಬ್ಬಿಣದ ಬೋಲ್ಟು ಹಲಗೆಯ ಮೇಲೆ ಬಿದ್ದರೆ ಠಣ್ ಅನ್ನಬೇಕು, ಬಿದ್ದಲ್ಲೇ ಇರಬೇಕು. ಇದು ಸದ್ದಿಲ್ಲದೆ ಪುಟಿಯಿತು. ಒಂದು ಸಲ, ಎರಡು ಸಲ, ಮೂರು ಸಲ ಪುಟಿದು, ವೇದಿಕೆಯ ಅಂಚಿನಲ್ಲಿ ಕೂತಿದ್ದ ತಲೈವಿಯ ಮುಂದೆ ಹೋಗಿ ನಿಂತಿತು. ರಾಣಿ ಅಳುವುದನ್ನು ನಿಲ್ಲಿಸಿ ಆ ಬೋಲ್ಟನ್ನೇ ನೋಡಿದಳು. ಅವಳ ಮುಖದಲ್ಲಿ ಬೆಳಕು ಹರಿಯುವುದು ನನಗೆ ಮೂರನೆಯ ಸಾಲಿನಿಂದ ಕಾಣಿಸಿತು.

ಮಹಾರಾಜರು ಬೋಲ್ಟನ್ನು ನೋಡಿದರು. ಆಮೇಲೆ ತಮ್ಮ ಎದೆಯನ್ನು ಮುಟ್ಟಿಕೊಂಡರು. ಆಮೇಲೆ ಗುಡ್ಡ ದಾಟುವಂಥ ದನಿಯಲ್ಲಿ, ಟೀಚರಮ್ಮ ಬರೆದೇ ಇಲ್ಲದ ಒಂದು ಮಾತು ಅಂದರು.

“ಪೆತ್ತ ತಾಯ್ ಕಣ್ಣೀರುಲ ಇರುಂಬೇ ಇಳಗಿಪ್ಪೋಚ್ಚು!”

ಹೆತ್ತ ತಾಯಿಯ ಕಣ್ಣೀರಿಗೆ ಕಬ್ಬಿಣವೇ ಮೆತ್ತಗಾಗಿ ಹೋಯಿತು ಎಂದು. ಮೊದಲು ಹೆಂಗಸರ ಕಡೆಯಿಂದ ಚಪ್ಪಾಳೆ ಬಂತು, ಆಮೇಲೆ ಎಲ್ಲ ಕಡೆಯಿಂದ. ಅಧಿಕಾರಿಗಳು ಫೋನನ್ನು ತೊಡೆಯ ಮೇಲಿಟ್ಟು ತಟ್ಟಿದರು. ಟೀಚರಮ್ಮ ಕೂಡ ಅದನ್ನು ತಾವೇ ಬರೆದ ಹಾಗೆ ತಲೆಯಾಡಿಸಿದರು. ತಲೈವಿ ಬೋಲ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಲಗಣ್ಣಿಗೆ ಒಮ್ಮೆ, ಎಡಗಣ್ಣಿಗೆ ಒಮ್ಮೆ ಒತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿದರು. ರಾಣಿ ಬಾಯಿ ತೆರೆದಳು. ಅಕ್ಕನ ಕಣ್ಣಲ್ಲಿ ನೀರು ಕಂಡು ಮುಚ್ಚಿದಳು.

ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ಮೀಸೆ ಒರೆಸಿರಲಿಲ್ಲ. ಕಂಡಕ್ಟರ್ ಎರಡು ಸಲ ನೋಡಿ ಟಿಕೆಟ್ ಕೊಟ್ಟ. ತೊಪ್ಪೂರು ದಾಟಿದ ಮೇಲೆ, ನನ್ನ ಕಡೆ ತಿರುಗದೆ ಅವಳು ಅಂದಳು:

“ನಿನ್ನ ಸ್ಪ್ಯಾನರ್ ಡಬ್ಬೀಲಿ ನಾಲ್ಕು ನೀಲಿ ಬಾರು ಅವೆ. ಮನೆಗೆ ಓದ ತಕ್ಷಣ ಅವ ಒಲೆಗಾಕು.”

ಯಾವಾಗ ನೋಡಿದೆ ಅಂದೆ. ಶುಕ್ರವಾರಕ್ಕೆ ಮುಂಚೆಯೇ, ಅಂದಳು. ಅಂದರೆ ತಲೈವಿ ಬೊಟ್ಟು ಇಡುವಾಗಲೂ, ಪೂಜೆ ಮಾಡಿ ಕವಚವನ್ನು ಕಣ್ಣಿಗೊತ್ತಿಕೊಳ್ಳುವಾಗಲೂ ಅವಳಿಗೆ ಗೊತ್ತಿತ್ತು. ವಾರಕ್ಕೆ ಮೂರು ದಿನ ಉಪವಾಸ ಮಾಡುವವಳು. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಬೇಕೆನಿಸಿತು. ಅವಳು ಕಿಟಕಿಯ ಗಾಜಿನಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದಳು.

“ಬಾಯಿ ಬುಟ್ಟೀಯ ಮತ್ತೆ,” ಅಂದಳು. “ಬುಟ್ರೆ ಬರೋ ವರ್ಷ ರಾಣಿ ವೇಷ ನಿಂಗೇ.”

ಪೊಂಗಲ್ ಹಬ್ಬಕ್ಕೆ ತಲೈವಿಯ ಮನೆಗೆ ಹೋಗಿದ್ದೆವು. ದೇವರ ಗೂಡಿನಲ್ಲಿ, ದೀಪದ ಬಲಕ್ಕೆ, ಒಂದು ವೀಳ್ಯದೆಲೆಯ ಮೇಲೆ ಬೋಲ್ಟು ಕೂತಿತ್ತು. ಹೂವು ಮುಡಿಸಿದ್ದರು. ಕುಂಬಿಡಿ ಅಣ್ಣಾ, ಕೈಮುಗೀರಿ ಎಂದು ಅವರು ಕರ್ಪೂರ ಹಚ್ಚಿದರು. ಹೆಂಡತಿ ನನ್ನನ್ನು ಮೊಣಕೈಯಿಂದ ತಿವಿದಳು. ನಾನು ಕೈಮುಗಿದು, ಕಸುಬಿನ ಕಣ್ಣು ಸುಮ್ಮನಿರಲಾರದೆ ಸ್ವಲ್ಪ ಬಗ್ಗಿ ನೋಡಿದೆ. ಹಳದಿ ಗೆರೆ ತಲೆಯ ಅಂಚಿನಲ್ಲಿ ಸರಿಯಾಗಿ ತುಂಡಾಗಿತ್ತು. ನನ್ನ ಮೂವತ್ತನಾಲ್ಕು ವರ್ಷದ ದಾಖಲೆ ಮುರಿದಿತ್ತು, ಮತ್ತು ಅದಕ್ಕೆ ಮಂಗಳಾರತಿಯಾಗುತ್ತಿತ್ತು.