ಬಾವುಟ ಹೊಲಿಯುವ ಗೆಳೆಯ

ನಿಪ್ಪಾಣಿಯಲ್ಲಿ ಗಡಿ ಗಲಾಟೆಯ ಸುಳಿವು ಎಲ್ಲಕ್ಕಿಂತ ಮೊದಲು ಸಿಗುತ್ತಿದ್ದುದು ಒಬ್ಬ ದರ್ಜಿಯ ಅಂಗಡಿಯಲ್ಲಿ. ಕನ್ನಡದವರ ಹಳದಿ-ಕೆಂಪು ಬಾವುಟವನ್ನೂ ಮರಾಠಿಯವರ ಭಗವಾ ಬಾವುಟವನ್ನೂ ಅವನೊಬ್ಬನೇ ಹೊಲಿಯುತ್ತಿದ್ದ. ಎಷ್ಟು ಬಾವುಟಕ್ಕೆ ಹೇಳಿಹೋಗಿದ್ದಾರೆ ಎಂದು ತಿಳಿದರೆ ಮೆರವಣಿಗೆಗೆ ಎಷ್ಟು ಪೊಲೀಸರು ಬೇಕೆಂದು ತಿಳಿದಂತೆ. ನಾನು ಗುಪ್ತಚರ ವಿಭಾಗದ ಹವಾಲ್ದಾರ. ಅವನು ಏಕಸಂಬಿಯ ಶಾಲೆಯಲ್ಲಿ ನನ್ನ ಪಕ್ಕ ಕೂತವನು, ನಡುಬೀದಿಯಲ್ಲೂ ನನ್ನನ್ನು 'ಲೇ' ಎಂದೇ ಕೂಗುತ್ತಿದ್ದವನು.

ಗೆಳೆಯನೆಂದು ಕೇಳಿದ್ದರೆ ಹೇಳುತ್ತಿದ್ದನೋ ಏನೋ, ನಾನು ಕೇಳಲೇ ಇಲ್ಲ. ಸುಳಿವು ಕೊಡುವವನ ಜುಟ್ಟು ನಮ್ಮ ಕೈಯಲ್ಲಿರಬೇಕು ಎಂದು ಮೇಲಿನವರು ಕಲಿಸಿದ್ದರು. ಅವನ ಅಂಗಡಿಯಲ್ಲಿ ಗಡಿಯಾಚೆಯಿಂದ ತಂದ ನಾಲ್ಕು ಬಾಟಲಿ ಮದ್ಯ ಸಿಕ್ಕ ದಿನ ತಪ್ಪೊಪ್ಪಿಗೆ ಬರೆಸಿ, ರುಜು ಹಾಕಿಸಿ, ಕೇಸು ಮಾಡದೆ ಆ ಕಾಗದವನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಮರುದಿನದಿಂದ ನಾನು ಅವನಿಗೆ 'ಸಾಹೇಬ್ರ' ಆದೆ.

ಕೆಲಸ ಚೆನ್ನಾಗಿಯೇ ನಡೆಯಿತು, ಸುಳ್ಳೇಕೆ ಹೇಳಲಿ. ಅಂಗಿಯ ಅಳತೆ ಕೊಡುವ ನೆಪದಲ್ಲಿ ಹೋಗುತ್ತಿದ್ದೆ. ಅವನು ಹೆಗಲ ಮೇಲೆ ಟೇಪು ಹಿಡಿದು ಬಾವುಟದ ಲೆಕ್ಕವನ್ನು ಕಿವಿಯಲ್ಲಿ ಹೇಳುತ್ತಿದ್ದ. ಹೊಲಿಸದ ಅಂಗಿಗೆ ಎಷ್ಟು ವರ್ಷ ಅಳತೆ ಕೊಟ್ಟೆನೋ! ನಾನು ಚಹಾ ತರಿಸಿದರೆ ಮಾತ್ರ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಶಾಲೆಯ ಹಿಂದಿನ ಹೊಲದಲ್ಲಿ ಒಂದೇ ಕಬ್ಬನ್ನು ಸರದಿಯಲ್ಲಿ ಕಚ್ಚಿ ತಿಂದವರು ನಾವು.

ನಿವೃತ್ತಿಯಾದ ಮರುದಿನವೇ ಆ ಕಾಗದವನ್ನು ಒಯ್ದು ಅವನ ಕೈಗಿತ್ತೆ.

"ಹರದ ಒಗದ ಬಿಡ, ಲೇ. ಇನ್ನ ನಾ ಸಾಹೇಬ ಅಲ್ಲ."

ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದರ ಜೆರಾಕ್ಸ್ ನಿಮ್ಮ ಕಡೆ ಇರತೈತಲ್ರಿ, ಸಾಹೇಬ್ರ?"

"ದೇವರಾಣಿ ಇಲ್ಲೋ."

"ಹೌದ್ರಿ," ಎಂದ. ನಂಬಲಿಲ್ಲ.

ಈಗ ಮನೆಯಲ್ಲಿ ಕೂತರೆ ಬೇಕೆನಿಸುವವನು ಅವನೊಬ್ಬನೇ. ಮೊನ್ನೆ ತಡೆಯಲಾಗದೆ ಬಟ್ಟೆ ಕೊಂಡು ಹೋದೆ, ನಿಜವಾಗಿಯೂ ಅಂಗಿ ಹೊಲಿಸಲು. 'ಲೇ, ಹೊಟ್ಟಿ ಎಷ್ಟ ಬಂದೈತಿ ನಿಂದು' ಎಂದು ಒಂದು ಸಲ ಬೈದರೆ ಸಾಕಿತ್ತು. ಅವನು ಎದ್ದು ನನ್ನ ಹೆಗಲ ಮೇಲೆ ಟೇಪು ಹಿಡಿದ. ಬಾಗಿಲ ಕಡೆಗೊಮ್ಮೆ ನೋಡಿ, ಕಿವಿಯ ಹತ್ತಿರ ಬಾಯಿ ತಂದ.

"ಸೋಮವಾರಕ್ಕ ಭಗವಾ ಝೆಂಡಾ ನಲವತ್ತ ಹೇಳ್ಯಾರ್ರಿ, ಸಾಹೇಬ್ರ."

ನನ್ನ ಅಳತೆಯನ್ನು ಅವನು ಬರೆದುಕೊಳ್ಳಲೇ ಇಲ್ಲ.