ಅಪ್ಪನ ನಿಂಬೆಹಣ್ಣು, ಅಮ್ಮನ ಮೊಳೆ

ಹೊಸ ಬಣ್ಣದ ವಾಸನೆ ಮೂಗಿಗೆ ಬಿದ್ದರೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಅನುಮಾನ ಬರುತ್ತದೆ. ಹೋದ ಭಾನುವಾರ ಮಗಳ ಜೊತೆ ಅಮೃತಹಳ್ಳಿಯಲ್ಲಿ ಮಾರಾಟಕ್ಕಿದ್ದ ಮನೆಯೊಂದನ್ನು ನೋಡಲು ಹೋದಾಗ ಬಾಗಿಲಲ್ಲೇ ಆ ವಾಸನೆ ಎದುರಾಯಿತು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಮಗಳು ಅದನ್ನು ನೋಡಿಯೇಬಿಟ್ಟಳು.

"ಅಪ್ಪಾ, ಪ್ಲೀಸ್. ನಿಂಬೆಹಣ್ಣು ಮಾತ್ರ ಹೊರಗೆ ತೆಗೀಬೇಡಿ."

ಈ ನಿಂಬೆಹಣ್ಣಿನ ಕಥೆ ಹೇಳದಿದ್ದರೆ ನೀವು ನನ್ನನ್ನು ಮಂತ್ರವಾದಿ ಎಂದುಕೊಂಡೀರಿ. ಅದು ನನ್ನ ಅಪ್ಪನಿಂದ ಬಂದ ಆಸ್ತಿ. ಯಶವಂತಪುರದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಪಾಸು ಮಾಡುವುದು ಅವರ ಕೆಲಸ. ಪಾಸು ಮಾಡುವುದು ಎಂದೆನೇ? ಫೇಲು ಮಾಡುವುದು ಎನ್ನಬೇಕಿತ್ತು. ಭಾನುವಾರಗಳಲ್ಲಿ ಆ ಉತ್ಸಾಹವನ್ನು ಮನೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ಬಾಡಿಗೆ ಮನೆ ಬಿಟ್ಟು ಸ್ವಂತದ್ದೊಂದು ಕೊಳ್ಳಬೇಕೆಂದು ಅಪ್ಪ, ಅಮ್ಮ, ನಾನು ಹೆಬ್ಬಾಳ, ಅಬ್ಬಿಗೆರೆ, ಆರ್.ಟಿ. ನಗರ ಎಂದು ಬಸ್ಸಿನಲ್ಲಿ ಅಲೆಯುತ್ತಿದ್ದೆವು. ಅಪ್ಪ ಬಚ್ಚಲಿಗೆ ಒಂದು ಚೊಂಬು ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡುವರು. ಗೋಡೆಗೆ ಕೆನ್ನೆಯಿಟ್ಟು ತೇವ ಹುಡುಕುವರು. ಕೊನೆಗೆ ನೆಲ ಸಮವಾಗಿದೆಯೇ ಎಂದು ನಡುಮನೆಯಲ್ಲಿ ನಿಂಬೆಹಣ್ಣು ಇಟ್ಟು ಕೈಬಿಡುವರು. ಅದು ಉರುಳಿದರೆ ಮನೆ ಫೇಲು.

ಪರರ ಮನೆಯ ನಡುವೆ ನಿಂಬೆಹಣ್ಣು ಇಟ್ಟರೆ ಜನ ಏನೆಂದುಕೊಳ್ಳುತ್ತಾರೆಂದು ಅಪ್ಪನಿಗೆ ಹೊಳೆದೇ ಇರಲಿಲ್ಲ. ಅಬ್ಬಿಗೆರೆಯ ಯಜಮಾನನೊಬ್ಬ ಅದನ್ನು ಕಂಡು ಹೌಹಾರಿದ.

"ಮನೆ ನೋಡಕ್ ಬಂದ್ರೋ, ಮಾಟ ಮಾಡಕ್ ಬಂದ್ರೋ? ಇಂಗೆಲ್ಲಾ ಮಾಡಿದ್ರೆ ನಾವು ಉಳೀತೀವಾ?"

"ಅಯ್ಯೋ, ನೆಲ ವಾರೆ ಇದೆಯಾ ಅಂತ ನೋಡ್ತಿದ್ದೆ ಸ್ವಾಮಿ. ಇದೆ," ಎಂದರು ಅಪ್ಪ.

ಮಾಟವನ್ನಾದರೂ ಕ್ಷಮಿಸುತ್ತಿದ್ದನೇನೋ, ಇದನ್ನು ಕ್ಷಮಿಸಲಿಲ್ಲ. ನಾವು ಗೇಟು ದಾಟುವ ಮುನ್ನವೇ ಅವನ ಹೆಂಡತಿ ಹೊಸ್ತಿಲಿಗೆ ಗಂಜಲ ಚಿಮುಕಿಸಿದಳು. ಬಸ್ ಸ್ಟಾಪಿನವರೆಗೂ ಅಮ್ಮ ಸರಸರನೆ ನಡೆದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದೇ ನಕ್ಕದ್ದು.

ಆದರೆ ಅಮ್ಮನಿಗೆ ಮನೆ ಬೇಕಾಗಿದ್ದದ್ದು ಒಂದು ಮೊಳೆಗಾಗಿ. ಬಾಡಿಗೆ ಮನೆಯ ಯಜಮಾನರು ಗೋಡೆಗೆ ಮೊಳೆ ಹೊಡೆಯಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ತೀರಿಕೊಂಡ ತನ್ನ ತಾಯಿಯ ಫೋಟೋವನ್ನು ಅಮ್ಮ ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ತಿಥಿಯ ದಿನ ತೆಗೆದು, ಕುರ್ಚಿಗೆ ಒರಗಿಸಿ, ಹೂವಿಟ್ಟು, ಸಂಜೆಗೆ ಮತ್ತೆ ಸುತ್ತಿಡುವಳು. ಅಪ್ಪ ಫೇಲು ಮಾಡಿದ ಒಂದೊಂದು ಮನೆಗೂ ಅವಳ ಮುಖ ಇನ್ನಷ್ಟು ಸಪ್ಪಗಾಗುತ್ತಿತ್ತು.

ಕೊನೆಗೊಂದು ಭಾನುವಾರ ಆರ್.ಟಿ. ನಗರದ ಸಣ್ಣ ಮನೆ. ಅಲ್ಲೂ ಹೊಸ ಬಣ್ಣ. ಅಪ್ಪ ಗೋಡೆಗೆ ಕೆನ್ನೆಯಿಟ್ಟು ನಿಂತಿದ್ದಾಗ ಅಮ್ಮ ನನ್ನ ಕೈಹಿಡಿದು ಹಿತ್ತಲಿಗೆ ಹೋದಳು. ಪಕ್ಕದ ಮನೆಯ ಫಾತಿಮಾ ಬೀ ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದರು. ಅಮ್ಮ ನೇರವಾಗಿ ಕೇಳಿದಳು, "ಈ ಮನೆ ಹೆಂಗಿದೆ ಹೇಳ್ರೀ?"

"ಪೇಂಟ್ ನೋಡಿ ಮೋಸ ಹೋಗ್ಬೇಡಿ ಅಮ್ಮಾ. ಮಳೆ ಬಂದ್ರೆ ಹಿಂದ್ಗಡೆ ರೂಮ್ ಸೋರ್ತದೆ. ಇವತ್ತು ಸುಳ್ಳು ಹೇಳಿ, ನಾಳೆ ನೀವೇ ಪಕ್ಕದಲ್ಲಿ ಬಂದ್ರೆ ನಾನು ಹೆಂಗೆ ಮುಖ ತೋರ್ಸ್ಲಿ?"

ಅಷ್ಟರಲ್ಲಿ ಅಪ್ಪ ಗೆದ್ದವರಂತೆ ಹೊರಬಂದರು. "ನಡಿ ಹೋಗೋಣ. ತೇವ ಇದೆ, ನೆಲಾನೂ ವಾರೆ."

"ಗೊತ್ತು. ಇದೇ ಮನೆ ಇರ್ಲಿ," ಎಂದಳು ಅಮ್ಮ. "ಸೋರೋದಕ್ಕೆ ಸಿಮೆಂಟ್ ಹಾಕಿಸ್ಬೋದು ಕಣ್ರೀ. ಇದ್ದದ್ದನ್ನ ಇದ್ದಂಗೆ ಹೇಳೋ ನೆರೆಯವ್ರನ್ನ ಎಲ್ಲಿಂದ ತರ್ತೀರಿ?"

ಅಪ್ಪ ಗೊತ್ತಿದ್ದೂ ಗೊತ್ತಿದ್ದೂ ಫೇಲಾದ ಮಾಲನ್ನು ಪಾಸು ಮಾಡಿದರು. ಗೃಹಪ್ರವೇಶದಲ್ಲಿ ಉಕ್ಕಿದ ಹಾಲು ವಾರೆ ನೆಲದ ದಯೆಯಿಂದ ಪೂರ್ವಕ್ಕೇ ಹರಿಯಿತು. ಪುರೋಹಿತರು ಶುಭವೆಂದರು, ಅಪ್ಪ ಗೊಣಗಿದರು. ಮೊಳೆಯನ್ನು ಅಮ್ಮ ತಾನೇ ಹೊಡೆದಳು. ಅಂಗೈಯಗಲ ಗಾರೆ ಉದುರಿದರೂ ಅವಳ ಕಣ್ಣು ಫೋಟೋದ ಮೇಲೇ ಇತ್ತು. ಮಳೆಗಾಲದಲ್ಲಿ ಹಿಂದಿನ ಕೋಣೆಗೆ ಬಕೆಟ್ ಸಾಲದಾದಾಗ ಫಾತಿಮಾ ಬೀ ತಮ್ಮದನ್ನು ಕಾಂಪೌಂಡಿನ ಮೇಲಿಂದ ದಾಟಿಸುತ್ತಿದ್ದರು. ರಸ್ತೆ ಅಗಲವಾದಾಗ ಆ ಮನೆ ಹೋಯಿತು. ಈಗ ಅಪ್ಪ, ಅಮ್ಮ, ಫಾತಿಮಾ ಬೀ ಮೂವರೂ ಇಲ್ಲ. ಅವರ ಮಾತು ಕೇಳಬೇಕೆನಿಸಿ ಎಷ್ಟೋ ಸಲ ಸಂಕಟಪಟ್ಟಿದ್ದೇನೆ.

ಅಮೃತಹಳ್ಳಿಯಲ್ಲಿ ಮಗಳು ಅತ್ತ ತಿರುಗಿದ್ದೇ ತಡ, ನಿಂಬೆಹಣ್ಣು ಇಟ್ಟೇಬಿಟ್ಟೆ. ಅದು ನಿಧಾನವಾಗಿ ಹೊರಟು ಮೂಲೆ ಸೇರಿತು. ಕಪಾಟಿನ ಪಕ್ಕದ ಗೋಡೆ ಕೆನ್ನೆಗೆ ತಣ್ಣಗೆ ತಾಗಿತು. ಅವಳಿಗಾಗಿ ನಾನು ಫೇಲು ಮಾಡಿದ ಮನೆಗಳ ಸಾಲಿಗೆ ಇದನ್ನೂ ಸೇರಿಸಲು ಬಾಯಿ ತೆರೆದೆ. ಅವಳು ನಡುಮನೆಯ ಬರಿಗೋಡೆಯ ಮುಂದೆ ನಿಂತು ಗೇಣು ಹಾಕಿ ಏನೋ ಅಳೆಯುತ್ತಿದ್ದಳು.

"ಏನಮ್ಮಾ ಅದು?"

"ಅಜ್ಜಿ ಫೋಟೋಗೆ ಜಾಗ ನೋಡ್ತಿದ್ದೆ. ನಮ್ಮ ಓನರ್ ಮೊಳೆ ಹೊಡೆಯೋಕೆ ಬಿಡಲ್ವಲ್ಲಪ್ಪಾ. ಇನ್ನೂ ಬೀರು ಒಳಗೇ ಇದೆ."

ತೆರೆದ ಬಾಯಿ ಮುಚ್ಚಿ, ನಿಂಬೆಹಣ್ಣನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು, ಹೊರಗೆ ಬಂದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಒಳಗಿನಿಂದ ಯಾರೋ "ಬಂದೆ" ಎಂದರು.