ಅಡ್ಮಿನ್ ಅಳಿಸಿದ ಸಾಲು

ತಿತಿಮತಿ ಕಡೆಯ ನಮ್ಮ ಎಸ್ಟೇಟಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ರಸ್ತೆ ತಿರುವಿನ ಮೋರಿಯ ಹತ್ತಿರ ಮಾತ್ರ. ಆಫೀಸು ಮುಗಿಸಿ ನಾನು, ಅಂಗನವಾಡಿ ಮುಗಿಸಿ ನನ್ನ ಗೆಳತಿ, ಸಂಜೆ ಅಲ್ಲಿ ಮೋರಿಕಟ್ಟೆಯ ಮೇಲೆ ಕೂರುತ್ತಿದ್ದೆವು. ಇಬ್ಬರೂ ದೂರಶಿಕ್ಷಣದಲ್ಲಿ ಎಂ.ಎ. ಓದುವವರು. ಪಾಠದ ಆಡಿಯೋ, ಮಾದರಿ ಪ್ರಶ್ನೆ, ಎಲ್ಲ ಬರುವುದು ಒಂದೇ ವಾಟ್ಸಾಪ್ ಗ್ರೂಪಿಗೆ. ಅವಳು ಪಾಠ ಕೇಳಿ, ಸಾರಾಂಶವನ್ನು ತನ್ನ ದನಿಯಲ್ಲಿ ಹೇಳಿ ಹಾಕುತ್ತಿದ್ದಳು. ಮನೆಕೆಲಸದ ನಡುವೆ ಓದುವ ಹೆಂಗಸರು ಅದನ್ನೇ ನೆಚ್ಚಿಕೊಂಡಿದ್ದರು. ಪಾಸಾದರೆ ಮೇಲ್ವಿಚಾರಕಿ ಹುದ್ದೆಗೆ ಪ್ರಯತ್ನಿಸಬೇಕೆಂದು ಅವಳ ಆಸೆ.

ಗ್ರೂಪಿನ ಅಡ್ಮಿನ್ ನಮ್ಮ ಅಧ್ಯಯನ ಕೇಂದ್ರದ ಸಂಯೋಜಕರು. ಪಾಠ ಬಿಟ್ಟು ಬೇರೇನು ಹಾಕಿದರೂ ಅಳಿಸುತ್ತಿದ್ದರು. ಮೂರ್ನಾಡಿನ ಸಹಪಾಠಿಯೊಬ್ಬರು ತಾಯಿ ತೀರಿಕೊಂಡದ್ದನ್ನು ತಿಳಿಸಿದಾಗಲೂ ಅಳಿಸಿದ್ದರು.

ಒಂದು ಸಂಜೆ ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ನನ್ನ ಫೋನಿನಲ್ಲಿ ‘ಅಡ್ಮಿನ್ ಈ ಸಂದೇಶ ಅಳಿಸಿದ್ದಾರೆ’ ಎಂಬ ಸಾಲು ಕಂಡಿತು. ಯಾರೋ ಹೂವಿನ ಚಿತ್ರ ಹಾಕಿರಬೇಕು ಅಂದುಕೊಂಡೆ. ಎದುರಿನ ಕಾಫಿ ಗಿಡಗಳು ಬಾಗಿದವು. ಸದ್ದೇ ಇಲ್ಲ. ಮೊದಲು ಕಂಡದ್ದು ದಂತ. ಅವಳ ರಟ್ಟೆ ಹಿಡಿದೆಳೆದು ಮೋರಿಯೊಳಕ್ಕೆ ಉರುಳಿದೆ. ಮೇಲೆ ರಸ್ತೆಬದಿಗೆ ನಿಲ್ಲಿಸಿದ್ದ ನಮ್ಮ ಸ್ಕೂಟರ್ ಪುಡಿಯಾಗುವುದು ಕೇಳಿಸಿತು. ಆಮೇಲೆ ಸೊಂಡಿಲು ಮೋರಿಯ ಬಾಯಿಗೇ ಬಂದು ಉಸಿರು ಬಿಟ್ಟಿತು. ಆ ಬಿಸಿ ಈಗಲೂ ನನ್ನ ಕುತ್ತಿಗೆಯ ಮೇಲಿದೆ. ಅನ್ನ ಕಲಸುವಾಗ ಬರುತ್ತದೆ, ಬಸ್ಸಿನಲ್ಲಿ ಕೂತಾಗ ಬರುತ್ತದೆ. ಬಿದ್ದ ಏಟಿಗೆ ಅವಳ ಬಲಗೈ ಮುರಿದಿತ್ತು.

ಆನೆ ಹೋದ ಮೇಲೆ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದವನು ಪಕ್ಕದ ಎಸ್ಟೇಟಿನ ಜೀಪ್ ಡ್ರೈವರ್, ನಮ್ಮದೇ ಗ್ರೂಪಿನ ಸಹಪಾಠಿ.

“ನಾನು ಹಾಕಿದ್ದೆನಲ್ಲ ಅಕ್ಕಾ, ಒಂಟಿಸಲಗ ಮೋರಿ ಕಡೆ ಇಳೀತಾ ಉಂಟು, ಎದ್ದು ಹೋಗಿ ಅಂತ. ಕಾಲ್ ಹೋಗ್ಲಿಲ್ಲ. ಗ್ರೂಪಲ್ಲಾದ್ರೆ ನೋಡೇ ನೋಡ್ತೀರಿ ಅಂದ್ಕೊಂಡೆ.”

ಆಸ್ಪತ್ರೆಯಿಂದಲೇ ಸಂಯೋಜಕರಿಗೆ ಫೋನ್ ಮಾಡಿದೆ. ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ನೋಡಿ ಮೇಡಂ, ಆನೆ, ಮದುವೆ, ಮಳೆ ಅಂತ ಎಲ್ರೂ ಹಾಕ್ತಾ ಕೂತ್ರೆ ಶಿಸ್ತು ಎಲ್ಲಿ ಉಳೀತದೆ? ಆನೆ ಸುದ್ದಿಗೆ ಬೇರೆ ಗ್ರೂಪ್ ಉಂಟಲ್ಲ.”

ಉಂಟು. ಆದರೆ ಆ ಗ್ರೂಪಿನವರಿಗೆ ನಾವು ಅಲ್ಲಿ ಕೂತಿರುವುದು ಗೊತ್ತಿರಲಿಲ್ಲ. ಜೊತೆಗೆ ಓದುವವನಿಗೆ ಗೊತ್ತಿತ್ತು. ಜೊತೆಗೆ ಓದುವುದೆಂದರೆ ಇದೂ ಸೇರಿದ್ದಲ್ಲವೇ? ಈ ಮನುಷ್ಯನಿಗೆ ಅದು ಕಸ.

ನಡೆದದ್ದನ್ನೆಲ್ಲ ಗ್ರೂಪಿಗೆ ಹಾಕಲು ಟೈಪ್ ಮಾಡಿದೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವಳು ನನ್ನನ್ನೇ ನೋಡುತ್ತಿದ್ದಳು.

“ಬೇಡ ಅಕ್ಕಾ. ಗ್ರೂಪಿಂದ ನಮ್ಮಿಬ್ರನ್ನೂ ತೆಗ್ದು ಬಿಟ್ರೆ ಪರೀಕ್ಷೆ ಬರೆಯೋದು ಹೇಗೆ?”

ಬರೆದದ್ದನ್ನು ನಾನೇ ಅಳಿಸಿದೆ. ಸಂಯೋಜಕರು ಆಗ ತಾನೇ ಹಾಕಿದ್ದ ಹೊಸ ಪಾಠವನ್ನು ಅವಳಿಗಾಗಿ ಹಲ್ಲು ಕಚ್ಚಿ ಡೌನ್‌ಲೋಡ್ ಮಾಡಿದೆ.